ಕೃಷ್ಣದೇವರಾಯನ ಕುಲ್ಲಾಯಿ ಹೊಲಿಯುವ ಮುಂಚೆ

ಓದುಗರ ಪತ್ರ: ನಮ್ಮ ಶಾಲೆಯ ನಾಟಕಕ್ಕೆ ಕೃಷ್ಣದೇವರಾಯನ ಉಡುಪನ್ನು ಈ ಸಲ ನಾನೇ ಹೊಲಿಯಬೇಕು ಅಂದುಕೊಂಡಿದ್ದೇನೆ. ಹೋದ ವರ್ಷ ಬಾಡಿಗೆಗೆ ತಂದ ಕೆಂಪು ವೆಲ್ವೆಟ್ ಕೋಟು, ತಗಡಿನ ಕಿರೀಟ ನೋಡಿ ಬೇಜಾರಾಗಿತ್ತು. ಆ ರಾಜ ನಿಜವಾಗಿ ಏನು ತೊಡುತ್ತಿದ್ದ? ಎಲ್ಲಿ ಹುಡುಕಲಿ? ಉದ್ದ ಟೋಪಿ ಹೊಲಿಯುತ್ತೇನೆ ಅಂದರೆ ಜೊತೆಯ ಶಿಕ್ಷಕರೊಬ್ಬರು ‘ಅದು ನಮ್ಮದಲ್ಲ, ಕಿರೀಟವೇ ಇರಲಿ’ ಅನ್ನುತ್ತಾರೆ.
— ಒಬ್ಬ ಶಿಕ್ಷಕಿ, ಹೊಸಪೇಟೆ

ಸಂಪಾದಕರ ಉತ್ತರ:

ಟೋಪಿಯಿಂದಲೇ ಶುರು ಮಾಡೋಣ. ನಿಮ್ಮ ಸಹೋದ್ಯೋಗಿಗೆ ತಿರುಮಲದ ಗುಡಿಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ಚಿತ್ರ ತೋರಿಸಿ. ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತಿದ್ದಾನೆ. ಮೈಮೇಲೆ ಅಂಗಿಯಿಲ್ಲ, ಸೊಂಟಕ್ಕೆ ಪಂಚೆ. ಆದರೆ ತಲೆಯ ಮೇಲೆ ಉದ್ದನೆಯ ಟೋಪಿ. ದೇವರ ಮುಂದೆ ಅಂಗಿ ತೆಗೆದವನು ಟೋಪಿ ತೆಗೆದಿಲ್ಲ. ಅವನೇ ಹಾಗೆ ನಿಂತಿರುವಾಗ ನಾವು ಕಿರೀಟ ಹೊರಿಸುವುದು ಯಾಕೆ?

ಅದರ ಹೆಸರು ಕುಲ್ಲಾಯಿ. ಪಾರಸಿಯ ‘ಕುಲಾಹ್’ನಿಂದ ಬಂದ ಮಾತು. ಆಸ್ಥಾನದಲ್ಲಿ ಅದರ ಜೊತೆ ತೊಡುತ್ತಿದ್ದ ಅಂಗಿಯ ಹೆಸರು ಕಬಾಯಿ, ಅದು ಅರಬ್ಬೀ ‘ಕಬಾ’. ಹೌದು, ಹೊರಗಿನಿಂದ ಬಂದವೇ. ವಿಜಯನಗರಕ್ಕೆ ಕಡಲಾಚೆಯಿಂದ ಕುದುರೆ ಬರುತ್ತಿದ್ದವು, ಪರ್ಷಿಯಾದ ರಾಯಭಾರಿಗಳು ಬರುತ್ತಿದ್ದರು. ಆ ಕಾಲದ ದೊಡ್ಡ ಆಸ್ಥಾನಗಳಲ್ಲಿ ಮರ್ಯಾದೆಯ ಉಡುಪು ಅಂದರೆ ಇದೇ ಆಗಿತ್ತು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಆಗಿನ ರಾಜ ಇಮ್ಮಡಿ ದೇವರಾಯನನ್ನು ಸ್ಯಾಟಿನ್ ನಿಲುವಂಗಿಯಲ್ಲೇ ನೋಡಿದ. ನಮ್ಮವರು ಮೆಚ್ಚಿ ತೊಟ್ಟರು, ತಮ್ಮದು ಮಾಡಿಕೊಂಡರು. ಈಗಲೂ ಕೂಸಿಗೆ ಕುಲಾವಿ ಹಾಕುತ್ತೇವಲ್ವಾ? ಅದೂ ಇದೇ ಮಾತಿನ ಬಳ್ಳಿ. ನಮ್ಮಜ್ಜಿ ಹಳೇ ಸೀರೆಯ ಸೆರಗಿನಲ್ಲಿ ಕುಲಾವಿ ಹೊಲಿಯುತ್ತಿದ್ದರು. ಅದು ಪರದೇಶದ್ದು ಅಂತ ಯಾರೂ ಅಂದದ್ದು ನಾನು ಕೇಳಿಲ್ಲ.

ಇನ್ನು ಬಣ್ಣ, ಬಟ್ಟೆ. ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸ್ಪಷ್ಟವಾಗಿ ಬರೆದಿದ್ದಾನೆ. ಬಿಳಿ ಬಟ್ಟೆ, ಅದರ ಮೇಲೆ ಚಿನ್ನದ ದಾರದಲ್ಲಿ ಗುಲಾಬಿ ಹೂಗಳ ಕಸೂತಿ. ಕೊರಳಲ್ಲಿ ವಜ್ರದ ಒಡವೆ. ತಲೆಗೆ ಜರತಾರಿ ಟೋಪಿ, ಅದರ ಮೇಲೊಂದು ನವಿರಾದ ರೇಷ್ಮೆ ಹೊದಿಕೆ. ಕಾಲಲ್ಲಿ ಏನೂ ಇಲ್ಲ. ಕೃಷ್ಣದೇವರಾಯನ ನಂತರ ಆಳಿದ ಅಚ್ಯುತರಾಯನ ಕಾಲದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಟೋಪಿಯ ಹೆಸರನ್ನೂ ಹೇಳುತ್ತಾನೆ, ಬೆಲೆಯನ್ನೂ ಹೇಳುತ್ತಾನೆ: ಒಂದಕ್ಕೆ ಸುಮಾರು 20 ಕ್ರುಜಾಡೊ, ಅಂದರೆ ಆಗಿನ ಪೋರ್ಚುಗೀಸ್ ನಾಣ್ಯ. ಅಂಗಿಯನ್ನು ‘ಲಂಗವಿರುವ ಶರ್ಟಿನಂಥದ್ದು’ ಅನ್ನುತ್ತಾನೆ. ಹೊಲಿಯುವವರಿಗೆ ಈ ಒಂದು ಮಾತು ಚಿನ್ನ. ಮೇಲೆ ಮೈಗೆ ಹತ್ತಿದ ಅಂಗಿ, ಕೆಳಗೆ ಅಗಲವಾಗಿ ಹರಡುವ ಘೇರು.

ವೆಲ್ವೆಟ್ ಆಗ ಇರಲಿಲ್ಲ ಅಂತಲ್ಲ. ಮಹಾನವಮಿಯ ಹೊತ್ತಿಗೆ ಕೆಂಪು, ಹಸಿರು ವೆಲ್ವೆಟ್ ಹೊದಿಸಿ ಸಿಂಗರಿಸಿದ್ದನ್ನು ಪಾಯೆಸ್ ಕಂಡಿದ್ದ. ಅದನ್ನು ನಿಮ್ಮ ರಂಗದ ಪರದೆಗೆ ಬಳಸಿ, ರಾಜನ ಮೈಗೆ ಬೇಡ.

ಕಣ್ಣಿಗೆ ಕಾಣುವ ಆಧಾರ ಬೇಕಾದರೆ ಲೇಪಾಕ್ಷಿಗೆ ಹೋಗಿ. ಹಿಂದೂಪುರದ ಹತ್ತಿರ. ವೀರಭದ್ರನ ಗುಡಿಯ ಚಾವಣಿಯ ಚಿತ್ರಗಳು 1530ರ ದಶಕದ ಸುಮಾರಿನವು, ಅಂದರೆ ಕೃಷ್ಣದೇವರಾಯ ತೀರಿಕೊಂಡ ಕೆಲವೇ ವರ್ಷಗಳ ಆಚೀಚೆ. ಗಂಡಸರ ಬಿಳಿ ಅಂಗಿ ಎಷ್ಟು ತೆಳು ಅಂದರೆ ಒಳಗಿನ ಮೈ ಕಾಣುತ್ತದೆ. ಕುಲ್ಲಾಯಿಗಳ ಮೇಲೆ ಬಗೆಬಗೆಯ ವಿನ್ಯಾಸ. ಹೆಂಗಸರ ಸೀರೆಗಳ ಪಟ್ಟೆ, ಹೂವು ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ರಾಣಿಯರ ಉಡುಪಿಗೂ ಅಲ್ಲೇ ನೋಡಿಕೊಳ್ಳಿ. ಒಂದು ಎಚ್ಚರ: ಚಿತ್ರಗಾರನ ಬಣ್ಣ ಬೇರೆ, ಬಣ್ಣಗಾರನ ಬಣ್ಣ ಬೇರೆ. ಗೋಡೆಯ ಮೇಲಿನ ಕಾವಿ ಕೆಂಪು ಮಣ್ಣಿನದ್ದು, ಬಟ್ಟೆಯ ಕೆಂಪು ಬೇರಿನಿಂದ ತೆಗೆದದ್ದು. ಹಾಗೇ ಅಂಗಡಿಯ ಕಣ್ಣು ಕುಕ್ಕುವ ನೇರಳೆ, ಗುಲಾಬಿ ಬಣ್ಣಗಳನ್ನು ಪಕ್ಕಕ್ಕಿಡಿ. ರಾಸಾಯನಿಕ ಬಣ್ಣ ಹುಟ್ಟಿದ್ದೇ 1856ರಲ್ಲಿ.

ನಿಮ್ಮೂರಿನ ಪಕ್ಕದಲ್ಲೇ ಹಂಪಿಯಿದೆ. ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯಲ್ಲಿ ಕುದುರೆ, ಆನೆ, ಕುಣಿಯುವವರ ಸಾಲು ಸಾಲು ಕೆತ್ತನೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಲ್ಲಿನಲ್ಲಿ ಬಣ್ಣ ಸಿಗುವುದಿಲ್ಲ, ಆದರೆ ಬಟ್ಟೆ ಮೈಮೇಲೆ ಹೇಗೆ ಕೂರುತ್ತದೆ ಅನ್ನುವುದು ಸಿಗುತ್ತದೆ. ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನು ಮಾತ್ರ ಆಧಾರ ಮಾಡಿಕೊಳ್ಳಬೇಡಿ. ಅವು ಆಮೇಲಿನ ಕಾಲದವು ಅಂತ ಹಲವರು ಹೇಳುತ್ತಾರೆ.

ಟೋಪಿ ಎಷ್ಟು ಉದ್ದ ಇರಬೇಕು? ಅಂದಾಜಿಗೆ ಹೊಲಿಯಬೇಡಿ. ಹಿಂದೊಮ್ಮೆ ನಾನು ಹಾಗೆ ಹೊಲಿದು, ಹುಡುಗ ತಲೆ ಬಗ್ಗಿಸಿದಾಗಲೆಲ್ಲ ಟೋಪಿ ಕಳಚಿ ಬೀಳುತ್ತಿತ್ತು. ಲೇಪಾಕ್ಷಿಯ ಒಂದು ಮುಖದ ಫೋಟೊ ತೆಗೆದುಕೊಳ್ಳಿ. ಗದ್ದದಿಂದ ಟೋಪಿಯ ಕೆಳ ಅಂಚಿನವರೆಗೆ ಅಳೆಯಿರಿ. ಟೋಪಿಯ ಎತ್ತರ ಅದರ ಎಷ್ಟು ಪಾಲು ಅಂತ ನೋಡಿ, ಅದೇ ಲೆಕ್ಕವನ್ನು ನಿಮ್ಮ ಹುಡುಗನ ಮುಖಕ್ಕೆ ಹಾಕಿ. ತಲೆಯ ಸುತ್ತಳತೆ 21 ಇಂಚು ಇದ್ದರೆ ಒಂದಿಂಚು ಸಡಿಲ ಸೇರಿಸಿ 22. ನಾಲ್ಕು ಹೋಳು ಕತ್ತರಿಸುವುದಾದರೆ ಒಂದಕ್ಕೆ 5½. ಎರಡು ಬದಿಯ ಹೊಲಿಗೆಗೆ ಅರ್ಧರ್ಧ ಇಂಚು ಬಿಟ್ಟರೆ ಬುಡದಲ್ಲಿ 6½ ಇಂಚು. ಮೊದಲು ಹಳೇ ಬೆಡ್‌ಶೀಟಿನಲ್ಲಿ ಹೊಲಿದು ನೋಡಿ. ಒಳಗೆ ಗಂಜಿ ಹಾಕಿದ ಎರಡು ಪದರ ಕಾಟನ್ ಸಾಕು. ಹೊರಗೆ ಯಾರದ್ದಾದರೂ ಹರಿದ ಜರಿ ಸೀರೆಯ ಸೆರಗು.

ಕಬಾಯಿಗೆ ತೆಳ್ಳನೆಯ ಮಲ್ ಬಟ್ಟೆ ಒಳ್ಳೆಯದು. ಇದರ ಕತ್ತರಿಕೆ ಹೀಗೇ ಇತ್ತು ಅಂತ ನಾನು ಹೇಳುವುದಿಲ್ಲ. ಬಟ್ಟೆ ಕಲ್ಲಿನ ಹಾಗೆ ಉಳಿಯುವುದಿಲ್ಲ, ಆದ್ದರಿಂದ ಇಲ್ಲಿ ಊಹೆ ಬೇಕೇ ಬೇಕು. ಮನೆಯಲ್ಲಿ ಅಜ್ಜನ ಹಳೇ ಜುಬ್ಬಾ ಇದ್ದರೆ ಒಳಮಗ್ಗುಲು ತಿರುಗಿಸಿ ನೋಡಿ. ನೇರ ತುಂಡುಗಳು, ಬದಿಗೆ ‘ಕಲಿ’ ಅನ್ನುವ ತ್ರಿಕೋನದ ತುಂಡು, ಕಂಕುಳಲ್ಲಿ ಪುಟ್ಟ ಚೌಕದ ತುಂಡು. ಬಟ್ಟೆ ಒಂಚೂರೂ ವ್ಯರ್ಥವಾಗುವುದಿಲ್ಲ, ಕೈ ಎತ್ತಿದರೆ ಹರಿಯುವುದಿಲ್ಲ. ಈಗಿನ ಶರ್ಟಿನ ಪ್ಯಾಟರ್ನ್‌ಗಿಂತ ಈ ದಾರಿಯೇ ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ. ಘೇರಿಗೆ ಕಲಿ ಜಾಸ್ತಿ ಹಾಕಿ. ಜಿಪ್, ವೆಲ್ಕ್ರೊ ಬೇಡ, ಲಾಡಿ ಇರಲಿ. ಒಳಗಿನ ಉದ್ದ ಹೊಲಿಗೆಗೆ ಮಷಿನ್ ಬಳಸಿ, ಯಾರೂ ಬೈಯುವುದಿಲ್ಲ. ಕೊರಳು, ತೋಳಿನ ಅಂಚು ಮಾತ್ರ ಕೈಯಲ್ಲೇ ಹೊಲಿಯಿರಿ. ಹೂವಿನ ಕಸೂತಿಯನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಹಂಚಿಕೊಡಿ, ಒಬ್ಬೊಬ್ಬರಿಗೆ ಒಂದೊಂದು ಹೂವು.

ಇನ್ನೊಂದು ಮಾತು. ಹುಡುಗನಿಗೆ ಜರಿ ಜೋಡು ಕೊಡಿಸಬೇಡಿ. ಬರಿಗಾಲಲ್ಲೇ ರಂಗಕ್ಕೆ ಬರಲಿ. ನಾಟಕ ಮುಗಿದ ಮೇಲೆ ಅಳತೆಗಳ ಜೊತೆ ಎರಡು ಫೋಟೊ ಕಳಿಸಿ, ಟೋಪಿಯ ಒಳಭಾಗದ್ದೂ ಒಂದಿರಲಿ.