ರೀಲ್ ಬಿಚ್ಚಿ ನೋಡೋಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಮುದ್ರದ ರೀಲಿನ, ಅಂದ್ರೆ ಗಾಳದ ದಾರ ಸುತ್ತುವ ಯಂತ್ರದ, ಬಗ್ಗೆಯೇ ಇವೆ. ರಜೆಗೆ ಎಲ್ಲರೂ ಗಾಳ ಹಿಡಿದು ಕರಾವಳಿ ಕಡೆ ಹೋಗಿ ಬಂದಿದ್ದೀರಿ ಅಂತ ಕಾಣುತ್ತದೆ. ಕೆರೆ ಮೀನಿನ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಹೊಸ ರೀಲ್ ತಗೊಂಡಿದ್ದೇನೆ. ಡಬ್ಬದ ಮೇಲೆ ಐಪಿಎಕ್ಸ್6 ಅಂತ ಇದೆ. ಮಲ್ಪೆಯಿಂದ ಬಂದ ಮೇಲೆ ಅದನ್ನು ಬಕೆಟ್ ನೀರಲ್ಲಿ ರಾತ್ರಿಯಿಡೀ ಮುಳುಗಿಸಿಡು, ಉಪ್ಪೆಲ್ಲ ಬಿಡುತ್ತೆ ಅಂತ ನಮ್ಮ ಭಾವ ಹೇಳುತ್ತಾರೆ. ಹಾಗೆ ಮಾಡಬಹುದಾ ಸಾರ್?
– ಕುಣಿಗಲ್‌ನ ಓದುಗರು

ಬೇಡ. ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಬಕೆಟ್ ಮಾತ್ರ ಬಚ್ಚಲಲ್ಲೇ ಇರಲಿ.

ಐಪಿಎಕ್ಸ್ ಅಂದ್ರೆ ಒಂದು ವಸ್ತು ನೀರನ್ನು ಎಷ್ಟು ತಡೆಯುತ್ತೆ ಅನ್ನೋ ದರ್ಜೆ. ಆ ನಂಬರ್ ಏನು ಹೇಳುತ್ತೆ ಅಂತ ಮೊದಲು ನೋಡಿ. ಐಪಿಎಕ್ಸ್5 ಪರೀಕ್ಷೆಯಲ್ಲಿ 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆಯುತ್ತಾರೆ. ಐಪಿಎಕ್ಸ್6ಕ್ಕೆ ನಳಿಕೆ 12.5 ಮಿಲಿಮೀಟರ್, ನೀರು ನಿಮಿಷಕ್ಕೆ 100 ಲೀಟರ್. ಎರಡು ಪರೀಕ್ಷೆಯೂ ಮೂರು ಮೀಟರ್‌ನಷ್ಟು ದೂರದಿಂದ, ಕನಿಷ್ಠ ಮೂರು ನಿಮಿಷ. ಅಂದ್ರೆ ಅಲೆ ಬಡಿದರೆ, ಮಳೆ ಹೊಡೆದರೆ ತಡೆಯುತ್ತೆ ಅಂತ ಅರ್ಥ. ಮುಳುಗಿಸುವ ಪರೀಕ್ಷೆ ಬೇರೆಯೇ ಇದೆ. ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಐಪಿಎಕ್ಸ್8 ಅದಕ್ಕಿಂತ ಕಷ್ಟದ್ದು, ಎಷ್ಟು ಆಳ ಎಷ್ಟು ಹೊತ್ತು ಅನ್ನೋದನ್ನು ತಯಾರಕರೇ ಹೇಳಬೇಕು. 6 ಪಾಸಾದದ್ದು 7ನ್ನೂ ಪಾಸಾಗಿರಬೇಕು ಅಂತೇನಿಲ್ಲ. ಪೆನ್ ಅನ್ನೋ ಕಂಪನಿಯ ರೀಲುಗಳಲ್ಲೇ ನೋಡಿ, ಸ್ಪಿನ್‌ಫಿಶರ್‌ಗೆ ಐಪಿಎಕ್ಸ್5, ಸ್ಲ್ಯಾಮರ್‌ಗೆ ಐಪಿಎಕ್ಸ್6, ಅಥಾರಿಟಿಗೆ ಐಪಿಎಕ್ಸ್8 ಅಂತ ಬರೆದಿರುತ್ತಾರೆ.

ಇನ್ನೊಂದು ವಿಷಯ. ಈ ಪರೀಕ್ಷೆ ನಡೆಯೋದು ಹೊಸ ಮಾಲಿನ ಮೇಲೆ, ಸಿಹಿನೀರಿನಲ್ಲಿ. ಎರಡು ವರ್ಷ ಮರಳು ತಿಂದ, ನೀರು ತಡೆಯುವ ಸೀಲಿನ ಬಗ್ಗೆ ಡಬ್ಬ ಏನೂ ಹೇಳಲ್ಲ. ನಾನು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ವಾಚಿನ ಬೆನ್ನಿಗೆ 30 ಮೀಟರ್ ಅಂತ ಬರೆದಿದ್ದನ್ನು ನೋಡಿ ಬಾವಿಗೆ ಹಾರಿ, ಆಮೇಲೆ ಗಾಜಿನೊಳಗೆ ಮಂಜು ಕಟ್ಟಿದೆ ಅಂತ ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ರೀಲಿನದ್ದೂ ಅದೇ ಕಥೆ.

ಬಿಸಿಲಿನ ವಿಷಯವನ್ನಂತೂ ಯಾರೂ ಯೋಚಿಸೋದೇ ಇಲ್ಲ. ಮಧ್ಯಾಹ್ನ ಬಂಡೆ ಮೇಲಿಟ್ಟ ರೀಲ್ ಮುಟ್ಟಲಾಗದಷ್ಟು ಕಾದಿರುತ್ತೆ. ಒಳಗಿನ ಗಾಳಿಯೂ ಕಾದಿರುತ್ತೆ. ಅದನ್ನು ತಣ್ಣೀರಿಗೆ ಅದ್ದಿದ ಕೂಡಲೇ ಆ ಗಾಳಿ ಕುಗ್ಗಿ ಹೊರಗಿನ ನೀರನ್ನು ಒಳಕ್ಕೆ ಎಳೆಯುತ್ತೆ. ಹಳೇ ಸೀಲ್ ಇದ್ದರೆ ಕೇಳೋದೇ ಬೇಡ.

ತೊಳೆಯುವ ಕ್ರಮ ಹೀಗಿರಲಿ. ಮೊದಲು ನೆರಳಲ್ಲಿಟ್ಟು ಬಿಸಿ ಆರಿಸಿ. ನೀರು ವಾಷರ್‌ಗಳ ನಡುವೆ ಇಳಿಯದಂತೆ ಡ್ರ್ಯಾಗ್ ನಾಬ್, ಅಂದ್ರೆ ಮೀನು ಜಗ್ಗಿದಾಗ ದಾರ ಎಷ್ಟು ಬಿಗಿಯಲ್ಲಿ ಬಿಟ್ಟುಕೊಡಬೇಕು ಅಂತ ಹೊಂದಿಸುವ ತಿರುಪು, ಪೂರ್ತಿ ಬಿಗಿ ಮಾಡಿ. ಚೊಂಬಿನಿಂದ ಮೆಲ್ಲಗೆ ಸಿಹಿನೀರು ಹುಯ್ಯಿರಿ. ಪೈಪಿನ ಬಾಯಿಗೆ ಬೆರಳಿಟ್ಟು ಜೋರಾಗಿ ಹೊಡೆಯಬೇಡಿ, ಉಪ್ಪು ಇನ್ನೂ ಒಳಗೆ ಹೋಗುತ್ತೆ. ಕೊಡವಿ, ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಬಿಡಿ. ಇದನ್ನು ಮರೆತರೆ ವಾಷರ್‌ಗಳು ಒತ್ತಿಕೊಂಡು ಅಂಟುತ್ತವೆ.

ನನ್ನದು ಸೀಲ್ ಇರುವ ಒಳ್ಳೆ ರೀಲ್. ಈಗ ಹ್ಯಾಂಡಲ್ ತಿರುಗಿಸಿದರೆ ಗರಗರ ಅನ್ನುತ್ತೆ. ಸೀಲ್ ಇದ್ದೂ ನೀರು ಎಲ್ಲಿಂದ ಹೋಯಿತು? ಒಳಗೆ ಏನೇನಿರುತ್ತೆ ಅಂತ ಒಂದ್ಸಲ ಬಿಡಿಸಿ ಹೇಳಿ.
– ಚಿಕ್ಕಬಳ್ಳಾಪುರದ ಓದುಗರು

ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಹ್ಯಾಂಡಲ್ ತಿರುಗಿಸಿದರೆ ಬಾಡಿಯೊಳಗೆ ಒಂದು ದೊಡ್ಡ ತಟ್ಟೆ ಗೇರ್ ತಿರುಗುತ್ತೆ. ಅದರ ಹಲ್ಲು ಸಣ್ಣ ಪಿನಿಯನ್ ಗೇರಿಗೆ ಕಚ್ಚಿಕೊಂಡಿರುತ್ತೆ. ಪಿನಿಯನ್ ಸಾಮಾನ್ಯವಾಗಿ ಹಿತ್ತಾಳೆಯದು. ಅದು ರೋಟರ್ ತಿರುಗಿಸುತ್ತೆ, ರೋಟರ್ ಲೈನನ್ನು, ಅಂದ್ರೆ ಗಾಳದ ದಾರವನ್ನು, ಸ್ಪೂಲಿಗೆ ಸುತ್ತುತ್ತೆ. ಪಿನಿಯನ್ ನಡುವೆ ಟೊಳ್ಳು. ಅದರೊಳಗೆ ಉದ್ದದ ಶಾಫ್ಟ್ ಹಿಂದೆ ಮುಂದೆ ಓಡಾಡುತ್ತೆ, ಅದರ ತುದಿಗೆ ಸ್ಪೂಲ್. ಸುತ್ತುವಾಗ ಸ್ಪೂಲ್ ತಿರುಗೋದೇ ಇಲ್ಲ, ಸುಮ್ನೆ ಹಿಂದೆ ಮುಂದೆ ಆಡುತ್ತೆ ಅಷ್ಟೇ. ಮೀನು ಎಳೆದಾಗ ಮಾತ್ರ ಡ್ರ್ಯಾಗ್ ಮೇಲೆ ತಿರುಗುತ್ತೆ. ವರ್ಷಗಟ್ಟಲೆ ಗಾಳ ಹಾಕಿದವರಿಗೂ ಇದು ಗೊತ್ತಿರಲ್ಲ. ಇನ್ನು ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ರೋಟರ್ ಕೆಳಗೆ ಒಂದು ಒನ್‌ವೇ ಕ್ಲಚ್ ಇರುತ್ತೆ. ಸಣ್ಣ ಸಣ್ಣ ರೋಲರ್‌ಗಳು, ಒಂದೊಂದಕ್ಕೂ ಸ್ಪ್ರಿಂಗ್.

ಈಗ ನೀರಿನ ದಾರಿ. ಹೆಚ್ಚು ಉಪ್ಪು ತಿನ್ನೋದು ಲೈನ್ ರೋಲರ್, ಅಂದ್ರೆ ಲೈನನ್ನು ಹಿಡಿದು ಸ್ಪೂಲಿಗೆ ತರುವ ಬಾಗಿದ ಬೇಲ್ ತಂತಿಯ ತುದಿಯಲ್ಲಿ ಲೈನ್ ಹಾಯುವ ಪುಟ್ಟ ಉರುಳೆ. ಅದು ಬಾಡಿಯ ಹೊರಗಿದೆ. ಬಾಡಿಗೆ ಎಂಥ ಸೀಲ್ ಹಾಕಿದ್ದರೂ ಅದಕ್ಕೆ ಉಪಯೋಗ ಇಲ್ಲ. ಹ್ಯಾಂಡಲಿನ ಪ್ರತಿ ಸುತ್ತಿಗೂ ಸಮುದ್ರದ ನೀರು ಹೀರಿದ ಲೈನ್ ಅದರ ಮೇಲೆ ಹಿಂಡಿಕೊಂಡು ಬರುತ್ತೆ. ಈಚೆಗೆ ನನ್ನ ಮೇಜಿಗೆ ಬಂದ ಒಂದನ್ನು ಹೇಳುತ್ತೇನೆ. ಮೇಲಿಂದ ಥಳಥಳ. ಸ್ಕ್ರೂ ಬಿಚ್ಚಿದರೆ ವಾಷರ್ ಮೇಲೆ ಉಪ್ಪಿನ ಹರಳು. ಬೇರಿಂಗಿನ ಮುಚ್ಚಳ ತೆಗೆದರೆ ಗುಂಡುಗಳ ನಡುವೆ ಕಾಫಿ ಚರಟದ ಥರದ ಕಂದು ಪೇಸ್ಟು. ಉರುಳೆ ತಿರುಗದೆ ನಿಂತಿತ್ತು, ಲೈನ್ ಒಂದೇ ಕಡೆ ಉಜ್ಜಿ ಉಗುರು ಸಿಗುವಂಥ ಗೆರೆ ಕೊರೆದಿತ್ತು. ಆ ಗೆರೆಯೇ ಲೈನ್ ತುಂಡು ಮಾಡುತ್ತೆ. ಅಂಜಲ್ ಮೀನು ತಪ್ಪಿಸಿಕೊಂಡಿತು, ಲೈನ್ ಸರಿಯಿಲ್ಲ ಅಂತ ಬೈಯುವವರು ಮೊದಲು ಇಲ್ಲಿ ಉಗುರಾಡಿಸಿ ನೋಡಿ.

ಎರಡನೆಯದು ರೋಟರಿನ ಕತ್ತು. ತಿರುಗುವ ಭಾಗ, ತಿರುಗದ ಬಾಡಿ, ನಡುವೆ ಕೂದಲೆಳೆಯಷ್ಟು ಸಂದು. ಕೆಲವರು ಅಲ್ಲಿ ರಬ್ಬರ್ ತುಟಿ ಇಡುತ್ತಾರೆ. ನೀರು ತಡೆಯುತ್ತೆ, ಆದರೆ ಉಜ್ಜುತ್ತೆ, ಹ್ಯಾಂಡಲ್ ಭಾರ ಅನಿಸುತ್ತೆ, ಮರಳು ಸಿಕ್ಕರೆ ತುಟಿ ಸವೆಯುತ್ತೆ. ಶಿಮಾನೋ ಕಂಪನಿಯವರು ತುಟಿಯ ಜೊತೆಗೆ ಅಂಕುಡೊಂಕು ಸಂದು ಮಾಡಿ ನೀರಿಗೆ ದಾರಿ ತಪ್ಪಿಸುತ್ತಾರೆ. ಡೈವಾದವರದ್ದು ಇನ್ನೂ ಮಜಾ. ಆ ಸಂದಿನಲ್ಲಿ ಆಯಸ್ಕಾಂತ ಇಟ್ಟು, ಆಯಸ್ಕಾಂತಕ್ಕೆ ಅಂಟುವ ಕಪ್ಪು ಎಣ್ಣೆಯ ಒಂದು ಉಂಗುರ ನಿಲ್ಲಿಸುತ್ತಾರೆ. ಎಣ್ಣೆಯೇ ಗೋಡೆ. ಉಜ್ಜಾಟ ಇಲ್ಲವೇ ಇಲ್ಲ ಅನ್ನಬಹುದು. ಆ ಥರದ ಎಣ್ಣೆಯನ್ನು ಮೊದಲು ಮಾಡಿದ್ದು 1963ರಲ್ಲಿ ಅಮೆರಿಕದ ನಾಸಾದಲ್ಲಿ, ರಾಕೆಟ್ ಇಂಧನದ ಕೆಲಸಕ್ಕೆ. ಡೈವಾ ರೀಲಿಗೆ ಅದು ಬಂದದ್ದು 2010ರ ಸುಮಾರಿಗೆ. ಮ್ಯಾಗ್‌ಸೀಲ್ಡ್ ಅಂತ ಬರೆದಿರುವ ಜಾಗಕ್ಕೆ ಮಾತ್ರ ನೀವು ಎಣ್ಣೆ ಬಿಡಬೇಡಿ. ಬೇರೆ ಎಣ್ಣೆ ಬೆರೆತರೆ ಗೋಡೆ ಕರಗಿತು ಅಂತಲೇ ಲೆಕ್ಕ. ಮತ್ತೆ ತುಂಬಿಸೋಕೆ ಕಂಪನಿಗೇ ಕಳಿಸಬೇಕು.

ಮೂರನೆಯದು ಶಾಫ್ಟ್. ಒಳಗೆ ಹೊರಗೆ ಓಡಾಡುವಾಗ ಮೈಗೆ ಹತ್ತಿದ ತೇವವನ್ನು ಚೂರು ಚೂರೇ ಒಳಗೆ ಒಯ್ಯುತ್ತೆ. ಅಲ್ಲೊಂದು ಓ-ರಿಂಗ್, ಅಂದ್ರೆ ರಬ್ಬರ್ ಉಂಗುರ, ಇದ್ದರೆ ಪುಣ್ಯ. ಡ್ರ್ಯಾಗ್ ನಾಬಿನ ಕೆಳಗೂ ರಬ್ಬರ್ ಇರಬೇಕು. ಇಲ್ಲದಿದ್ದರೆ ವಾಷರ್ ನೆನೆದು ಎಳೆತ ಒಂದೇ ಸಮ ಬರದೆ ಜಗ್ಗಿ ಜಗ್ಗಿ ಬಿಡುತ್ತೆ. ಕಾರ್ಬನ್ ವಾಷರ್ ಒಂದಷ್ಟು ತಡೆದುಕೊಳ್ಳುತ್ತೆ, ಫೆಲ್ಟ್ ಬಟ್ಟೆಯದು ನೆನೆದರೆ ಮುಗೀತು.

ಕೊನೆಯದು ಹ್ಯಾಂಡಲ್ ಕೂರುವ ಎರಡು ಕಿವಿ. ನಿಮ್ಮ ರೀಲಿನಲ್ಲಿ ನನಗೆ ಅನುಮಾನ ಇಲ್ಲೇ. ಹ್ಯಾಂಡಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸಿದ್ದೀರಾ? ಹಾಗೆ ಮಾಡುವಾಗ ಮುಚ್ಚಳದ ಒಳಗಿನ ತೆಳು ಓ-ರಿಂಗ್ ಉದುರಿ ಹೋಗೋದು ಸರ್ವೇಸಾಮಾನ್ಯ. ಬಿದ್ದದ್ದು ಗೊತ್ತೂ ಆಗಲ್ಲ. ಆಮೇಲೆ ನೀರು ನೇರ ಗೇರಿನ ಬೇರಿಂಗಿಗೆ.

ಇಷ್ಟು ಕಾವಲಿದ್ದೂ ಒಂದು ಚಮಚ ಒಳಗೆ ಹೋಯಿತು ಅಂತಿಟ್ಟುಕೊಳ್ಳಿ. ಸೀಲ್ ಇಲ್ಲದ ಅಗ್ಗದ ರೀಲಲ್ಲಾದರೆ ಅದು ಹೇಗೋ ಆರಿ ಹೋಗುತ್ತೆ. ಸೀಲ್ ಇರುವುದರಲ್ಲಿ ಹೊರಗೆ ಬರೋಕೂ ದಾರಿ ಇಲ್ಲ. ನಮ್ಮ ಕಡೆಯವರು ಮಾಡೋದೇನು? ರೀಲನ್ನು ಕವರಿಗೆ ಹಾಕಿ, ಜಿಪ್ ಎಳೆದು, ಡಿಕ್ಕಿಯಲ್ಲಿಟ್ಟು, ರಾತ್ರಿಯೆಲ್ಲ ಘಾಟಿ ಹತ್ತಿ ಬಂದು ನೇರ ಅಟ್ಟಕ್ಕೆ ಏರಿಸುತ್ತಾರೆ. ಮುಂದಿನ ಟ್ರಿಪ್ಪಿಗೇ ಇಳಿಸೋದು. ಕರಾವಳಿಯ ಹುಡುಗರು ದಿನಾ ಸಮುದ್ರಕ್ಕೆ ಇಳಿದೂ ರೀಲ್ ಉಳಿಸಿಕೊಳ್ಳುತ್ತಾರೆ, ಯಾಕಂದ್ರೆ ದಿನಾ ತಿರುಗಿಸುತ್ತಾರೆ, ದಿನಾ ನೋಡುತ್ತಾರೆ. ನಮ್ಮ ರೀಲ್ ಕೆಡೋದು ಅಟ್ಟದ ಮೇಲೆ. ಸ್ಟೇನ್‌ಲೆಸ್ ಬೇರಿಂಗ್ ಅಲ್ವಾ ಅನ್ನಬೇಡಿ. ಬೇರಿಂಗಿಗೆ ಬಳಸುವ ಗಟ್ಟಿ ಸ್ಟೇನ್‌ಲೆಸ್ ಉಪ್ಪುನೀರಲ್ಲಿ ನಿಧಾನವಾಗಿ ತುಕ್ಕು ಹಿಡಿದೇ ಹಿಡಿಯುತ್ತೆ.

ಮನೆಯಲ್ಲಿ ಏನು ಬಿಚ್ಚಬಹುದು? ಸ್ಪೂಲ್, ಹ್ಯಾಂಡಲ್, ಲೈನ್ ರೋಲರ್ ಧೈರ್ಯವಾಗಿ ಬಿಚ್ಚಿ. ಸ್ಪೂಲ್ ತೆಗೆದು ಹ್ಯಾಂಡಲ್ ತಿರುಗಿಸಿ. ಆಗಲೂ ಗರಗರ ಇದ್ದರೆ ತೊಂದರೆ ಬಾಡಿಯೊಳಗಿದೆ. ಬಾಡಿ ತೆರೆಯುವುದಾದರೆ ಹೆಜ್ಜೆ ಹೆಜ್ಜೆಗೆ ಮೊಬೈಲಲ್ಲಿ ಫೋಟೋ ಹೊಡೆಯಿರಿ. ಗೇರಿನ ಹಿಂದೆ ಕಾಗದದಷ್ಟು ತೆಳು ವಾಷರ್‌ಗಳಿರುತ್ತವೆ, ಗ್ರೀಸಿನ ಜೊತೆ ಬೇರಿಂಗಿಗೆ ಅಂಟಿಕೊಂಡು ಬರುತ್ತವೆ. ಒಂದು ಕಳೆದರೂ ಗೇರ್ ಮೊದಲಿನಂತೆ ಕೂರಲ್ಲ. ಕ್ಲಚ್ ಮಾತ್ರ ಬಿಚ್ಚಬೇಡಿ. ಅದರ ಸ್ಪ್ರಿಂಗ್ ಹಾರಿದರೆ ಮನೆಯವರನ್ನೆಲ್ಲ ಕರೆದು ಹುಡುಕಿಸಬೇಕು.

ನಮ್ಮ ಮನೆಯಲ್ಲಿ ಗಾಣದ ಶುದ್ಧ ಕೊಬ್ಬರಿ ಎಣ್ಣೆ ಇದೆ. ರೀಲಿಗೆ ಬಿಡಬಹುದಾ?
– ತಿಪಟೂರಿನ ಓದುಗರು

ತಿಪಟೂರಿನಿಂದ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ! ತಲೆಗೆ ಹಾಕಿ, ಚಟ್ನಿಪುಡಿಗೆ ಹಾಕಿ, ರೀಲಿಗೆ ಬೇಡ. 24 ಡಿಗ್ರಿ ಆಸುಪಾಸಿಗೇ ಅದು ಹೆಪ್ಪುಗಟ್ಟುತ್ತೆ, ಡಿಸೆಂಬರ್ ಬೆಳಿಗ್ಗೆ ನಿಮ್ಮ ಬಾಟಲಿಯನ್ನೇ ನೋಡಿ. ದಿನ ಕಳೆದಂತೆ ಕಮಟು ಹಿಡಿದು ಅಂಟಂಟಾಗುತ್ತೆ. ಲೈನ್ ರೋಲರಿಗೆ, ಹ್ಯಾಂಡಲ್ ನಾಬಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಹನಿ ಸಾಕು. ಗೇರಿಗೆ ಗ್ರೀಸ್. ಕ್ಲಚ್ಚಿಗೆ ಗ್ರೀಸ್ ತಾಗಲೇಬಾರದು, ರೋಲರ್ ಜಾರಿ ಹ್ಯಾಂಡಲ್ ಹಿಂದಕ್ಕೆ ತಿರುಗುತ್ತೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹಾಗೇ ಬಿಡುವವರಿದ್ದಾರೆ. ಅದು ಇದ್ದ ಗ್ರೀಸನ್ನೂ ತೊಳೆದು ಹಾಕುತ್ತೆ.

ತೊಳೆದು ಒಣಗಿಸಿದ ಮೇಲೂ ರೀಲಿನ ಮೇಲೆ ಬಿಳಿ ಪುಡಿ ಬರುತ್ತಿದೆ. ಇನ್ನೂ ಉಪ್ಪಾ?
– ಪಾವಗಡದ ಓದುಗರು

ಎಲ್ಲಿ ನೀರು ಹಿಡಿದು ತೊಳೆದಿರಿ ಅಂತ ಬರೆದಿಲ್ಲ. ಬೋರ್‌ವೆಲ್ಲಾದರೆ ನಿಮ್ಮ ಕಡೆಯ ಗಡಸು ನೀರೇ ಬಿಳಿ ಕಟ್ಟಿರಬಹುದು. ಸೋಲಾರ್ ಪೈಪಿನ ಬಾಯಲ್ಲಿ ಕಟ್ಟುತ್ತಲ್ಲ, ಅದೇ.

ಕಂಡುಹಿಡಿಯೋದು ಸುಲಭ. ಒದ್ದೆ ಬೆರಳಲ್ಲಿ ಒರೆಸಿ. ಕರಗಿ ಹೋದರೆ ಸಮುದ್ರದ ಉಪ್ಪು. ಕರಗದಿದ್ದರೆ ಪುಡಿಯನ್ನು ಕೆರೆದು ಒಂದು ತಟ್ಟೆಗೆ ಹಾಕಿ ನಿಂಬೆರಸ ಬಿಡಿ. ಬುರಬುರ ನೊರೆ ಬಂದರೆ ಗಡಸು ನೀರಿನ ಸುಣ್ಣ. ರಸವನ್ನು ರೀಲಿನ ಮೇಲೇ ಹಿಂಡಬೇಡಿ. ನೊರೆಯೂ ಇಲ್ಲ, ಪುಡಿ ಇದ್ದ ಜಾಗದಲ್ಲಿ ಬಣ್ಣ ಉಬ್ಬಿದೆ, ಕೆಳಗೆ ಸಣ್ಣ ಕುಳಿ ಇದೆ ಅಂದ್ರೆ ಅಲ್ಯೂಮಿನಿಯಂ ತಿನ್ನುತ್ತಿದೆ ಅಂತ. ಸ್ಕ್ರೂ ತಲೆಯ ಸುತ್ತ ಇದು ಜಾಸ್ತಿ. ಸ್ಟೀಲ್ ಸ್ಕ್ರೂ, ಅಲ್ಯೂಮಿನಿಯಂ ಬಾಡಿ, ನಡುವೆ ಉಪ್ಪುನೀರು ಸೇರಿದರೆ ಪುಟ್ಟ ಬ್ಯಾಟರಿ ಆದಂಗೆ. ಸವೆಯೋದು ಅಲ್ಯೂಮಿನಿಯಂ. ಮೆಗ್ನೀಸಿಯಂ ಬಾಡಿಯಾದರೆ ಇನ್ನೂ ಬೇಗ. ಸ್ಕ್ರೂ ಒಂದೊಂದಾಗಿ ತೆಗೆದು, ಅದರ ಸುತ್ತುಗೆರೆಗೆ ಚೂರು ಗ್ರೀಸ್ ಸವರಿ ಮತ್ತೆ ಹಾಕಿ. ಕೊನೆಯ ಸಲ ತೊಳೆಯೋಕೆ ಕುಡಿಯುವ ಫಿಲ್ಟರ್ ನೀರು ಬಳಸಿ, ಒಂದು ಚೊಂಬು ಸಾಕು.

ಬಂಗಾರಪೇಟೆ ಸುತ್ತಿನ ಕೆರೆಗಳಲ್ಲಿ ಕೊರವ ಮೀನು ಹಿಡಿಯುತ್ತೇವೆ. ವರ್ಷಕ್ಕೊಮ್ಮೆ ಸ್ನೇಹಿತರೆಲ್ಲ ಹೊನ್ನಾವರಕ್ಕೆ ಹೋಗುತ್ತೇವೆ. ಅದಕ್ಕೆ ಪೂರ್ತಿ ಸೀಲ್ ಇರುವ ದುಬಾರಿ ರೀಲ್ ಬೇಕೇ ಬೇಕಾ?
– ಬಂಗಾರಪೇಟೆಯ ಓದುಗರು

ನನ್ನನ್ನು ಕೇಳಿದರೆ ಬೇಡ. ವ್ಯಾನ್ ಸ್ಟಾಲ್ ಥರದ ರೀಲುಗಳಿವೆ. ಗಟ್ಟಿ ಅಲ್ಯೂಮಿನಿಯಂ ತುಂಡನ್ನೇ ಕಡಿದು ಮಾಡಿದ ಬಾಡಿ, ಹೆಸರಾದ ಮಾಡೆಲ್‌ಗಳಿಗೆ ಬೇಲ್ ತಂತಿಯೂ ಇಲ್ಲ, ಎಲ್ಲಾ ಕಡೆ ಸೀಲ್. ಅವು ಅಮೆರಿಕದಲ್ಲಿ ರಾತ್ರಿ ಹೊತ್ತು ಎದೆಮಟ್ಟದ ಅಲೆಯಲ್ಲಿ ನಿಂತು ಗಾಳ ಹಾಕುವವರಿಗೆ. ಅವರ ರೀಲ್ ಅರ್ಧ ಹೊತ್ತು ನೀರೊಳಗೇ ಇರುತ್ತೆ. ನೀವು ಬಂಡೆ ಮೇಲೆ ನಿಲ್ಲುವವರು. ಸೀಲ್ ಜಾಸ್ತಿ ಆದಷ್ಟೂ ಹ್ಯಾಂಡಲ್ ಭಾರ. ಅದರಲ್ಲಿ ದಿನವಿಡೀ ಕಪ್ಪೆ ಗಾಳ ಎಸೆದು ಕೊರವನನ್ನು ಕೆಣಕಿದರೆ ಸಂಜೆಗೆ ಮಣಿಕಟ್ಟು ಹೇಳುತ್ತೆ.

ಮಧ್ಯಮ ಬೆಲೆಯದು ಸಾಕು. ಅಂಗಡಿಯಲ್ಲಿ ಬೇರಿಂಗ್ ಎಷ್ಟು ಅಂತ ಎಣಿಸಬೇಡಿ. ಡ್ರ್ಯಾಗ್ ನಾಬ್ ಬಿಚ್ಚಿಸಿ ಕೆಳಗೆ ರಬ್ಬರ್ ಇದೆಯಾ ನೋಡಿ. ಹ್ಯಾಂಡಲಿನ ಮುಚ್ಚಳ ಬಿಚ್ಚಿಸಿ ಓ-ರಿಂಗ್ ನೋಡಿ. ಬಾಡಿ ಲೋಹದ್ದಾ, ಗ್ರಾಫೈಟಾ (ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್) ಕೇಳಿ. ಗ್ರಾಫೈಟ್ ತುಕ್ಕು ಹಿಡಿಯಲ್ಲ, ನಿಜ. ಆದರೆ ದೊಡ್ಡ ಮೀನು ಜಗ್ಗಿದಾಗ ಚೂರು ಬಾಗುತ್ತೆ, ಗೇರಿನ ಹಲ್ಲು ಅಡ್ಡ ಬೀಳುತ್ತೆ. ಸಮುದ್ರಕ್ಕೆ ನನ್ನ ಓಟು ಅಲ್ಯೂಮಿನಿಯಂಗೇ.

ಉಳಿಯುವ ದುಡ್ಡಲ್ಲಿ ಹೋಗುವ ಮುಂಚೆ ಒಂದು ಸರ್ವಿಸ್, ಬಂದ ಮೇಲೆ ಒಂದು ಸರ್ವಿಸ್ ಮಾಡಿಸಿ. ಜೊತೆಗೆ ಲೈನ್ ರೋಲರಿನ ಬೇರಿಂಗ್ ಒಂದೆರಡು ಕೊಂಡಿಟ್ಟುಕೊಳ್ಳಿ. ರೀಲಿನ ಕಂಪನಿಯದ್ದೇ ಆಗಬೇಕಿಲ್ಲ, ಬೇರಿಂಗ್ ಅಂಗಡಿಯಲ್ಲೂ ಸಿಗುತ್ತೆ. ವರ್ನಿಯರ್‌ನಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆದು 4×7×2.5 ಮಿಲಿಮೀಟರ್ ಅನ್ನೋ ಥರ ಬರೆದುಕೊಂಡು ಹೋಗಿ, ಸ್ಟೇನ್‌ಲೆಸ್‌ದೇ ಬೇಕು ಅಂತ ಒತ್ತಿ ಹೇಳಿ. ಹೇಳದಿದ್ದರೆ ಸಾದಾ ಸ್ಟೀಲಿನದ್ದು ಕೊಟ್ಟು ಕಳಿಸುತ್ತಾರೆ.