ಪ್ರತಿಕ್ರಿಯೆ: ಐಸಿಯುನಲ್ಲಿ ಅಪ್ಪ ಗುರುತು ಹಿಡಿಯುತ್ತಿಲ್ಲ
ವೆಂಟಿಲೇಟರ್ ತೆಗೆದ ಮೇಲೆ ಅಪ್ಪ ನನ್ನನ್ನೇ ಗುರುತಿಸುತ್ತಿಲ್ಲ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತಾರೆ, ನಿದ್ದೆ ಔಷಧಿ ಜಾಸ್ತಿ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಅದಕ್ಕೆ ಒತ್ತಾಯಿಸಬೇಡಿ. ಇದು ಹುಚ್ಚಲ್ಲ, ಡೆಲಿರಿಯಂ ಇರಬಹುದು. ಸೋಂಕು, ನೋವು, ನಿದ್ದೆಗೇಡು ಎಲ್ಲ ಸೇರಿ ಮಿದುಳು ಗಲಿಬಿಲಿಗೊಳ್ಳುತ್ತದೆ, ವೆಂಟಿಲೇಟರ್‌ನಲ್ಲಿದ್ದವರಲ್ಲಿ ತುಂಬ ಸಾಮಾನ್ಯ. ಮಿಡಜೋಲಮ್‌ನಂಥ ನಿದ್ದೆ ಬರಿಸುವ ಔಷಧಿಯಿಂದ ಇದು ಜಾಸ್ತಿಯೂ ಆಗಬಹುದು, ಅದಕ್ಕೇ ಮಂಪರು ಆದಷ್ಟು ಹಗುರವಾಗಿರಲಿ ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಯಾವ ಔಷಧಿ ನಡೆಯುತ್ತಿದೆ ಅಂತ ಡಾಕ್ಟರನ್ನೇ ಕೇಳಿ. ಅಪ್ಪ ದಿನಾ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಕುಡಿತ ಏಕಾಏಕಿ ನಿಂತು ಹೀಗಾಗಿದ್ದರೆ ಚಿಕಿತ್ಸೆಯೇ ಬೇರೆ. ಕನ್ನಡಕ, ಕಿವಿ ಮೆಷಿನ್ ಇದ್ದರೆ ಕೊಟ್ಟುಬನ್ನಿ. ಒಳಗೆ ಬಿಟ್ಟಾಗ ಇವತ್ತು ಯಾವ ವಾರ, ಎಲ್ಲಿದ್ದಾರೆ ಅಂತ ಮೆಲ್ಲಗೆ ಹೇಳಿ, ಹುಳದ ಬಗ್ಗೆ ವಾದ ಬೇಡ. ಇನ್ನೊಂದು, ಅವರು ಮಂಕಾಗಿ ಸುಮ್ನೆ ಮಲಗಿಬಿಟ್ಟರೆ ಗುಣವಾಯ್ತು ಅಂದುಕೊಳ್ಳದೆ ನರ್ಸ್‌ಗೆ ತಿಳಿಸಿ, ಡೆಲಿರಿಯಂ ಹಾಗೆಯೂ ಕಾಣಿಸಿಕೊಳ್ಳುತ್ತದೆ.