ಫೆಬ್ರುವರಿಯಲ್ಲಿ ಎಂಟು ದಿನ ಹವಾಯಿಯ ಮೌಯಿ ದ್ವೀಪಕ್ಕೆ ಹೋಗುತ್ತಿದ್ದೇವೆ. ಕಾಂಡೊ ಹುಡುಕಿ ಬುಕ್ ಮಾಡುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಗಂಡ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅತ್ತೆ ಮಾವ. ಹೋಟೆಲಿನ ಎರಡು ರೂಮಿಗಿಂತ ಅಡುಗೆಮನೆ ಇರುವ ಕಾಂಡೊ, ಅಂದರೆ ಬಾಡಿಗೆಗೆ ಸಿಗುವ ಅಪಾರ್ಟ್‌ಮೆಂಟ್ ಮನೆ, ವಾಸಿ ಅಂತ ತೀರ್ಮಾನಿಸಿದ್ದೀರಿ. ಆದರೆ ಬಾಡಿಗೆಯ ವೆಬ್‌ಸೈಟು ತೆರೆದರೆ ಸಾವಿರಾರು ಮನೆಗಳು, ಎಲ್ಲದರ ಫೋಟೊದಲ್ಲೂ ಅದೇ ನೀಲಿ ಸಮುದ್ರ. ಯಾವುದನ್ನು ನಂಬಬೇಕು ಗೊತ್ತಾಗುತ್ತಿಲ್ಲ, ದುಡ್ಡು ಕಟ್ಟಿ ಮೋಸ ಹೋದರೆ ಎಂಬ ಭಯವೂ ಇದೆ.

ನಾವು ಮೌಯಿಗೆ ನಾಲ್ಕು ಸಲ ಹೋಗಿದ್ದೇವೆ, ನಾಲ್ಕು ಸಲವೂ ಕಾಂಡೊದಲ್ಲೇ ಇದ್ದೆವು. ಒಂದು ಸಲ ಅಮ್ಮನೂ ಜೊತೆಗಿದ್ದರು. ಅನುಭವದಿಂದ ಹೇಳುವುದಾದರೆ, ಮನೆ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ದ್ವೀಪದ ಯಾವ ಮಗ್ಗುಲು ಅಂತ ನಿರ್ಧರಿಸಿ, ಆಮೇಲೆ ಕಟ್ಟಡ, ಕೊನೆಗೆ ಮನೆ. ಈ ಕ್ರಮದಲ್ಲಿ ಹೋದರೆ ಸಾವಿರಾರು ಮನೆಗಳ ಪಟ್ಟಿ ಎರಡು ಸಂಜೆಯಲ್ಲಿ ಹತ್ತಕ್ಕೆ ಇಳಿಯುತ್ತದೆ.

ಮಗ್ಗುಲು ಯಾಕೆ ಮುಖ್ಯ ಅಂದರೆ, ಮೌಯಿ ಎರಡು ಜ್ವಾಲಾಮುಖಿ ಪರ್ವತಗಳು ಸೇರಿ ಆದ ದ್ವೀಪ. ಪೂರ್ವಕ್ಕೆ 10,023 ಅಡಿ ಎತ್ತರದ ಹಲೇಅಕಲಾ, ಪಶ್ಚಿಮಕ್ಕೆ ಇನ್ನೊಂದು ಹಳೆಯ ಪರ್ವತ, ನಡುವೆ ತಗ್ಗು ಬಯಲು. ವರ್ಷದ ಬಹುಭಾಗ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಮಳೆಯನ್ನೆಲ್ಲ ಗಾಳಿಗೆ ಎದುರಾದ ಕಡೆಯಲ್ಲೇ ಸುರಿದುಬಿಡುತ್ತವೆ. ಹಾಗಾಗಿ ಪೂರ್ವ ತುದಿಯ ಹಾನಾ ಹಸಿರು ಕಾಡು, ಪರ್ವತದ ಮರೆಯಲ್ಲಿರುವ ಕಿಹೇ ಮತ್ತು ವೈಲೇಯಾ ಒಣ ಪ್ರದೇಶ. ಫೆಬ್ರುವರಿ ಅಲ್ಲಿ ಮಳೆಗಾಲದೊಳಗೇ ಬರುವುದರಿಂದ ಈ ವ್ಯತ್ಯಾಸ ನಿಮಗೆ ನೇರವಾಗಿ ತಟ್ಟುತ್ತದೆ. ಚಳಿಗಾಲದಲ್ಲಿ ಉತ್ತರಕ್ಕೆ ಮುಖ ಮಾಡಿದ ಕಡಲತೀರಗಳಲ್ಲಿ ಅಲೆಗಳೂ ದೊಡ್ಡವು. ಮಕ್ಕಳು ನೀರಿಗೆ ಇಳಿಯಬೇಕೆಂದರೆ ಅದೂ ಗಮನದಲ್ಲಿರಲಿ.

ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ದಕ್ಷಿಣದ ಕಿಹೇ. ಕಹುಲುಯಿ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಅಲ್ಲಿನ ಕಮಾಓಲೆ ಹೆಸರಿನ ಮೂರು ಕಡಲತೀರ ಉದ್ಯಾನಗಳಲ್ಲಿ ಜೀವರಕ್ಷಕರು ಇರುತ್ತಾರೆ. ಮಧ್ಯಾಹ್ನದ ಮೇಲೆ ನಡುವಿನ ಬಯಲಿನಿಂದ ನುಗ್ಗುವ ಗಾಳಿ ಜೋರಾಗುತ್ತದೆ, ಆದ್ದರಿಂದ ಸಮುದ್ರಸ್ನಾನ ಬೆಳಿಗ್ಗೆಯೇ ಮುಗಿಸಿಕೊಳ್ಳಬೇಕು. ಪಕ್ಕದ ವೈಲೇಯಾ ಇನ್ನೂ ಅಚ್ಚುಕಟ್ಟು, ಬೆಲೆಯೂ ಹಾಗೆಯೇ. ಪಶ್ಚಿಮದ ಕಾನಪಾಲಿ, ನಾಪಿಲಿ ಕಡೆ ಸೂರ್ಯಾಸ್ತ ನೋಡಲು ಬಹಳ ಚೆನ್ನ. ಆದರೆ ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿ, ಮುಖ್ಯ ರಸ್ತೆ ಒಂದೇ. ಅಪಘಾತವೋ ಹುಲ್ಲಿನ ಬೆಂಕಿಯೋ ಆದರೆ ಅದು ಗಂಟೆಗಟ್ಟಲೆ ಮುಚ್ಚಿಹೋಗುತ್ತದೆ. ಆ ದಾರಿ ಲಹೈನಾ ಪಕ್ಕದಲ್ಲೇ ಹಾದುಹೋಗುತ್ತದೆ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಆ ಊರು ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಗೆ ಹೋದರೆ ಸುಟ್ಟ ಜಾಗದ ಮುಂದೆ ಕಾರು ನಿಲ್ಲಿಸಿ ಫೋಟೊ ತೆಗೆಯಬೇಡಿ ಅಂತ ಮಕ್ಕಳಿಗೂ ಹೇಳಿಡಿ.

ಈಗ ಕಟ್ಟಡದ ವಿಷಯ. ಕಾಂಡೊ ಸಮುಚ್ಚಯವನ್ನು ಹೋಟೆಲಿನಂತೆ ಒಬ್ಬರೇ ನಡೆಸುವುದಿಲ್ಲ. ಒಂದೊಂದು ಮನೆಗೂ ಬೇರೆ ಬೇರೆ ಮಾಲೀಕರು. ಕೆಲವರು ತಾವೇ ಬಾಡಿಗೆಗೆ ಕೊಡುತ್ತಾರೆ, ಕೆಲವರು ಸ್ಥಳೀಯ ಏಜೆನ್ಸಿಗೆ ವಹಿಸಿರುತ್ತಾರೆ. ಈಜುಕೊಳ, ಲಿಫ್ಟು, ಹುಲ್ಲುಹಾಸು, ಹೊರಗೋಡೆಯ ರಿಪೇರಿ ಎಲ್ಲ ಮಾಲೀಕರ ಸಂಘದ ಕೈಯಲ್ಲಿ. ಮನೆಯೊಳಗಿನ ಸೋಫಾ ಹೇಗಿದೆ ಅಂತ ಫೋಟೊ ತೋರಿಸುತ್ತದೆ. ನಿಮ್ಮ ಎಂಟು ದಿನ ಹೇಗಿರುತ್ತವೆ ಎಂಬುದನ್ನು ನಿರ್ಧರಿಸುವುದು ಮಾತ್ರ ಕಟ್ಟಡ.

ಇದು ನಮಗೆ ತಿಳಿದದ್ದು ಎರಡನೇ ಪ್ರವಾಸದಲ್ಲಿ. ಮನೆ ಸುಂದರವಾಗಿತ್ತು, ಹೊಸ ಅಡುಗೆಮನೆ, ಒಳ್ಳೆಯ ಹಾಸಿಗೆ. ಆದರೆ ಮೊದಲ ದಿನವೇ ಬೆಳಿಗ್ಗೆ ಎಂಟಕ್ಕೆ ಗೋಡೆ ನಡುಗುವ ಹಾಗೆ ಡ್ರಿಲ್ಲಿಂಗ್ ಶುರುವಾಯಿತು. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಉದುರುವುದು ಸಮುದ್ರದ ದಂಡೆಯ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ. ಸಂಘದವರು ಆ ರಿಪೇರಿಗೆ ತಿಂಗಳುಗಳ ಮೊದಲೇ ನೋಟಿಸು ಕೊಟ್ಟಿದ್ದರಂತೆ. ಮಾಲೀಕರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ನಮ್ಮ ಬಾಲ್ಕನಿಗೆ ಪ್ಲಾಸ್ಟಿಕ್ ಹೊದಿಸಿದ್ದರಿಂದ ಐದು ದಿನ ಬಾಗಿಲು ತೆಗೆಯಲಾಗಲಿಲ್ಲ. ಅಮ್ಮ ಬಂದಿದ್ದು ಆ ಸಲವೇ. ದಿನವೆಲ್ಲ ಕೂತು ಸಮುದ್ರ ನೋಡುತ್ತೇನೆ ಅಂತ ಆಸೆಯಿಂದ ಬಂದಿದ್ದರು, ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಅಂದಿನಿಂದ ದುಡ್ಡು ಕಟ್ಟುವ ಮೊದಲು ಕಟ್ಟಡದ ಕಚೇರಿಗೆ ಒಂದು ಫೋನು ಮಾಡುತ್ತೇನೆ. ಹೆಚ್ಚಿನ ಸಮುಚ್ಚಯಗಳಲ್ಲಿ ಮ್ಯಾನೇಜರ್ ಇರುತ್ತಾರೆ. ನಾವು ಬರುವ ವಾರ ರಿಪೇರಿ ಕೆಲಸ ಇದೆಯೇ, ಈಜುಕೊಳ ಮುಚ್ಚಿರುತ್ತದೆಯೇ, ಈ ನಂಬರಿನ ಮನೆ ಬಾಡಿಗೆಗೆ ಇರುವುದು ನಿಜವೇ ಅಂತ ಕೇಳಿದರೆ ಸಾಮಾನ್ಯವಾಗಿ ಬಿಚ್ಚುಮನಸ್ಸಿನಿಂದ ಹೇಳುತ್ತಾರೆ. ಐದು ನಿಮಿಷದ ಕೆಲಸ. ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹಿರಿಯರು ಇರುವುದರಿಂದ ಇನ್ನೆರಡು ವಿಚಾರ. ಕಿಹೇಯ ಎರಡು ಮೂರು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ. ಜಾಹೀರಾತಿನಲ್ಲಿ ‘ಮೇಲಿನ ಮಹಡಿ, ಒಳ್ಳೆಯ ಗಾಳಿ’ ಅಂತ ಇದ್ದರೆ ಮೆಟ್ಟಿಲು ಎಷ್ಟು ಅಂತ ಕೇಳಿ. ನೆಲಮಹಡಿ ಸಿಕ್ಕರೆ ಮಾವನವರು ಬಾಗಿಲು ದಾಟಿ ನೇರ ಹುಲ್ಲಿನ ಮೇಲೆ ಓಡಾಡಬಹುದು. ಇನ್ನೊಂದು ಏಸಿ. ಗಾಳಿಯನ್ನೇ ನಂಬಿ ಕಟ್ಟಿದ ಮನೆಗಳಲ್ಲಿ ಏಸಿ ಇರುವುದಿಲ್ಲ, ಅಥವಾ ಹಜಾರದಲ್ಲಿ ಮಾತ್ರ ಇರುತ್ತದೆ. ಮಲಗುವ ಕೋಣೆಯಲ್ಲಿ ಇದೆಯೇ ಎಂಬುದನ್ನು ಬರೆಸಿಕೊಳ್ಳಿ. ಅಡುಗೆಮನೆಯ ಚಿಂತೆ ಬೇಡ. ನಾವಿದ್ದ ಎಲ್ಲ ಮನೆಗಳಲ್ಲೂ ಪಾತ್ರೆ, ಒಲೆ, ರೈಸ್ ಕುಕ್ಕರ್ ಇದ್ದವು. ಸಾರಿನ ಪುಡಿ, ಉಪ್ಪಿನಕಾಯಿ ಒಯ್ದರೆ ಸಾಕು.

ಜಾಹೀರಾತಿನ ಪದಗಳನ್ನು ನಿಧಾನವಾಗಿ ಓದಬೇಕು. ‘ಓಷನ್ ಫ್ರಂಟ್’ ಅಂದರೆ ಕಟ್ಟಡ ಸಮುದ್ರದ ಎದುರಿಗಿದೆ ಅಂತ, ನಿಮ್ಮ ಮನೆಯೂ ಎದುರಿಗೇ ಇರಬೇಕೆಂದಿಲ್ಲ. ‘ಓಷನ್ ವ್ಯೂ’ ಅಂದರೆ ಎಲ್ಲಿಂದಲೋ ಸಮುದ್ರ ಕಾಣುತ್ತದೆ. ‘ಪಾರ್ಶಿಯಲ್’ ಅಂತ ಇದ್ದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ತುಂಡು ನೀಲಿ. ಅಲ್ಲಿ ಬಾಲ್ಕನಿಗೆ ಲನಾಯ್ ಅನ್ನುತ್ತಾರೆ. ಲನಾಯ್‌ನಲ್ಲಿ ಕುರ್ಚಿ ಹಾಕಿ ಕೂತರೆ ಏನು ಕಾಣುತ್ತದೋ ಅದರ ಫೋಟೊ ಕಳಿಸಿ ಅಂತ ಮಾಲೀಕರನ್ನು ಕೇಳಿ, ತಪ್ಪೇನಿಲ್ಲ. ಫೋಟೊ ಯಾವಾಗಿನದು ಅಂತಲೂ ಕೇಳಿ. ಪಶ್ಚಿಮದ ಕಹಾನಾ ಕೊಲ್ಲಿಯಲ್ಲಿ ಅಲೆಗಳು ದಂಡೆಯನ್ನು ಕೊರೆದು ಕೆಲವು ಕಟ್ಟಡಗಳ ಮುಂದಿನ ಮರಳೇ ಹೋಗಿದೆ, ಜಾಹೀರಾತಿನಲ್ಲಿ ಹಳೆಯ ಮರಳು ಹಾಗೆಯೇ ಉಳಿದಿರಬಹುದು. ರಿವ್ಯೂಗಳನ್ನು ಹೊಸದರಿಂದ ಹಿಂದಕ್ಕೆ ಓದಿ, ಒಂದು ವರ್ಷಕ್ಕಿಂತ ಹಳೆಯದನ್ನು ಬಿಟ್ಟುಬಿಡಿ.

ಮೋಸದ ಭಯಕ್ಕೆ ಹವಾಯಿಯಲ್ಲಿ ಒಂದು ಒಳ್ಳೆಯ ಮದ್ದಿದೆ. ಅಲ್ಪಾವಧಿ ಬಾಡಿಗೆಯ ಮೇಲೆ ರಾಜ್ಯ ವಿಧಿಸುವ ತೆರಿಗೆಗೆ ಮಾಲೀಕರು ನೋಂದಾಯಿಸಿಕೊಳ್ಳಬೇಕು, ಆ ನಂಬರನ್ನು ಜಾಹೀರಾತಿನಲ್ಲಿ ತೋರಿಸಬೇಕು. ಅದು ಟಿ, ಎ ಅಕ್ಷರಗಳಿಂದ ಶುರುವಾಗುತ್ತದೆ. ಜೊತೆಗೆ ಪ್ರತಿ ಆಸ್ತಿಗೂ ಟಿಎಂಕೆ ಎಂಬ ನಕ್ಷೆಯ ಸಂಖ್ಯೆ ಇರುತ್ತದೆ. ಮೊದಲನೆಯದನ್ನು ರಾಜ್ಯದ ತೆರಿಗೆ ಇಲಾಖೆಯ ಸೈಟಿನಲ್ಲಿ, ಎರಡನೆಯದನ್ನು ಮೌಯಿ ಕೌಂಟಿಯ (ಅಲ್ಲಿನ ಸ್ಥಳೀಯ ಆಡಳಿತ) ಆಸ್ತಿ ತೆರಿಗೆಯ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ಎರಡೂ ಹೊಂದಿದರೆ ಮನೆ ನಿಜ. ಮಾಲೀಕರು ಬೇರೆ ಕಡೆ ವಾಸವಿದ್ದರೆ ದ್ವೀಪದಲ್ಲೇ ಇರುವ ಒಬ್ಬರ ಸಂಪರ್ಕ ಕೊಡಬೇಕೆಂದೂ ಕಾನೂನಿದೆ. ರಾತ್ರಿ ನೀರು ನಿಂತರೆ ಬರುವವರು ಅವರೇ. ನಂಬರು ಕೇಳಿದಾಗ ಮಾತು ಮರೆಸುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಕಾನೂನಿನ ಹಿಂದೆ ಅಲ್ಲಿನವರ ಸಂಕಟವೂ ಇದೆ. ಲಹೈನಾದ ಬೆಂಕಿಗೆ ಮೊದಲೇ ಮನೆಗಳಿಗೆ ಬರವಿತ್ತು, ಆಮೇಲೆ ಸಾವಿರಾರು ಕುಟುಂಬಗಳಿಗೆ ಸೂರೇ ಇಲ್ಲದಾಯಿತು. ಅಪಾರ್ಟ್‌ಮೆಂಟ್ ವಲಯದಲ್ಲಿರುವ ಸಾವಿರಾರು ಕಾಂಡೊಗಳನ್ನು ಪ್ರವಾಸಿಗಳಿಗೆ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುವ ಮಸೂದೆಗೆ ಕೌಂಟಿ ಕೌನ್ಸಿಲ್ 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗಡುವು ಇನ್ನೂ ಕೆಲವು ವರ್ಷ ದೂರ, ಆದ್ದರಿಂದ ಈ ಪ್ರವಾಸಕ್ಕೆ ತೊಂದರೆಯಿಲ್ಲ. ನನ್ನ ಮಟ್ಟಿಗೆ, ಹೋಟೆಲ್ ವಲಯದಲ್ಲಿರುವ ಕಟ್ಟಡ ಸಿಕ್ಕರೆ ಅದನ್ನೇ ಆರಿಸುತ್ತೇನೆ. ಒಬ್ಬರ ಸೂರಿನ ಜಾಗದಲ್ಲಿ ನಾವು ರಜೆ ಕಳೆಯುತ್ತಿಲ್ಲ ಎಂಬ ಸಮಾಧಾನ ನನಗೆ ಬೇಕು.

ದುಡ್ಡಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ. ಬಾಡಿಗೆ ರಾತ್ರಿಗೆ 300 ಡಾಲರ್ ಎಂದಿಟ್ಟುಕೊಳ್ಳಿ, ಏಳು ರಾತ್ರಿಗೆ 2,100. ಕ್ಲೀನಿಂಗ್ ಫೀ 280 ಸೇರಿ 2,380. 2026ರಿಂದ ರಾಜ್ಯದ ವಸತಿ ತೆರಿಗೆ ಶೇ. 11, ಕೌಂಟಿಯದು ಶೇ. 3, ಸಾಮಾನ್ಯ ವಹಿವಾಟು ತೆರಿಗೆ ಶೇ. 4.5, ಒಟ್ಟು ಶೇ. 18.5. ಇದು ಕ್ಲೀನಿಂಗ್ ಫೀ ಮೇಲೂ ಬೀಳುತ್ತದೆ. ಅಲ್ಲಿಗೆ 2,820. ಸೈಟಿನ ಸೇವಾ ಶುಲ್ಕ 300, ಪಾರ್ಕಿಂಗ್ ದಿನಕ್ಕೆ 20 ಅಂತ ಹಿಡಿದರೆ 3,260. ಮುನ್ನೂರು ಅಂತ ಓದಿದ ರಾತ್ರಿ ಸುಮಾರು 466ಕ್ಕೆ ಬಂದು ನಿಂತಿತು. 2025ರ ಮೇ 12ರಿಂದ ಅಮೆರಿಕದಲ್ಲಿ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕೆಂಬ ನಿಯಮ ಬಂದಿರುವುದರಿಂದ ಈಗ ಹೋಲಿಕೆ ಸುಲಭ. ಆದರೆ ಸರ್ಕಾರದ ತೆರಿಗೆಯನ್ನು ಆಮೇಲೆ ಸೇರಿಸಬಹುದು, ಹಾಗಾಗಿ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. ಒಂದೇ ಕಟ್ಟಡದ ಒಂದೇ ಅಳತೆಯ ಎರಡು ಮನೆಗಳ ನಡುವೆ ನೂರಾರು ಡಾಲರ್ ವ್ಯತ್ಯಾಸ ಇರುವುದನ್ನು ನಾನೇ ನೋಡಿದ್ದೇನೆ. ಕಟ್ಟಡ ಮೊದಲು ಅಂತ ಹೇಳುವುದಕ್ಕೆ ಅದೂ ಒಂದು ಕಾರಣ.

ವರ್ಬೊ ಅಥವಾ ಏರ್‌ಬಿಎನ್‌ಬಿಯಂಥ ಬಾಡಿಗೆ ಸೈಟು ಬಿಟ್ಟು ಮಾಲೀಕರಿಗೇ ನೇರ ಕೊಟ್ಟರೆ ಸೇವಾ ಶುಲ್ಕ ಉಳಿಯುತ್ತದೆ ಎಂಬುದು ನಿಜ. ಮೊದಲ ಸಲ ಹಾಗೆ ಮಾಡಬೇಡಿ. ಸೈಟಿನ ಮೂಲಕ ಹೋಗಿ, ಮನೆ ಮತ್ತು ಜನ ಸರಿಯಿದ್ದರೆ ಮುಂದಿನ ಸಲ ನೇರ ಮಾತಾಡಿ. ನಾವು ಕೊನೆಯ ಎರಡು ಸಲ ಹಾಗೇ ಮಾಡಿದೆವು, ಸಹಿ ಹಾಕಿದ ಕರಾರು ಮತ್ತು ಕ್ರೆಡಿಟ್ ಕಾರ್ಡ್ ಎರಡೂ ಇಟ್ಟುಕೊಂಡು. ಒಮ್ಮೆ ಒಬ್ಬರು ‘ಸೈಟಿನ ಹೊರಗೆ ಬ್ಯಾಂಕ್ ವರ್ಗಾವಣೆ ಮಾಡಿದರೆ ಶೇ. 20 ಕಡಿಮೆ’ ಅಂದರು. ಅವರ ಫೋಟೊಗಳನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದೆ. ಅದೇ ಹಜಾರ, ಅದೇ ಪರದೆ, ಬೇರೆ ಹೆಸರಿನಲ್ಲಿ ಮಾರಾಟಕ್ಕಿದ್ದ ಮನೆಯ ಜಾಹೀರಾತಿನಲ್ಲಿ ಸಿಕ್ಕವು. ಬ್ಯಾಂಕ್ ವರ್ಗಾವಣೆ ಅಂದ ತಕ್ಷಣ ಮಾತು ನಿಲ್ಲಿಸಿ.

ಇನ್ನು ಸಮಯ. ಫೆಬ್ರುವರಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಅಲ್ಲಿನ ಕಡಲಲ್ಲಿ ತುಂಬಿರುತ್ತವೆ, ದಂಡೆಯಿಂದಲೇ ಕಾಣುತ್ತವೆ. ಅದಕ್ಕಾಗಿ ಪ್ರತಿವರ್ಷ ಅದೇ ಮನೆಗೆ ಬರುವವರೂ ಇದ್ದಾರೆ, ಅವರು ಹೊರಡುವ ಮೊದಲೇ ಮುಂದಿನ ವರ್ಷಕ್ಕೆ ಹಿಡಿದಿಟ್ಟು ಹೋಗುತ್ತಾರೆ. ಆರರಿಂದ ಒಂಬತ್ತು ತಿಂಗಳ ಮೊದಲು ಕೈ ಹಾಕಿ. ತಿಂಗಳ ಮೂರನೇ ಸೋಮವಾರ ಅಮೆರಿಕದಲ್ಲಿ ಪ್ರೆಸಿಡೆಂಟ್ಸ್ ಡೇ ರಜೆ, ಆ ವಾರ ಬೆಲೆ ಏರುತ್ತದೆ. ಮೊದಲ ವಾರಕ್ಕೆ ಸರಿಸಲು ಸಾಧ್ಯವೇ ನೋಡಿ. ರದ್ದು ಮಾಡಿದರೆ ಎಷ್ಟು ದಿನ ಮೊದಲಿನವರೆಗೆ ಪೂರ್ತಿ ಹಣ ವಾಪಸ್ ಅಂತ ಓದಿ, ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹಿರಿಯರ ಆರೋಗ್ಯದ ಮಾತು, ಮುಂಚೆಯೇ ತಿಳಿದಿರಲಿ.

ನಾನು ಮಾಲೀಕರಿಗೆ ಕಳಿಸುವ ಸಂದೇಶವನ್ನು ಕೆಳಗೆ ಕೊಟ್ಟಿದ್ದೇನೆ. ನಿಮಗೆ ತಕ್ಕಂತೆ ಇಂಗ್ಲಿಷಿಗೆ ಮಾಡಿಕೊಳ್ಳಿ.

‘ನಮಸ್ಕಾರ. ನಾವು ಆರು ಜನ, ಇಬ್ಬರು ಹಿರಿಯರು. ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಪಾರ್ಕಿಂಗ್‌ನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಎರಡೂ ಮಲಗುವ ಕೋಣೆಗಳಲ್ಲಿ ಏಸಿ ಇದೆಯೇ? ನಾವು ಬರುವ ದಿನಗಳಲ್ಲಿ ಕಟ್ಟಡದಲ್ಲಿ ಅಥವಾ ಪಕ್ಕದಲ್ಲಿ ರಿಪೇರಿ ಕೆಲಸ ಗೊತ್ತಾಗಿದೆಯೇ? ದಯವಿಟ್ಟು ತೆರಿಗೆ ನೋಂದಣಿ ನಂಬರು ಮತ್ತು ಟಿಎಂಕೆ ಕಳಿಸಿ.’

ಒಳ್ಳೆಯ ಮಾಲೀಕರು ಒಂದೆರಡು ದಿನದಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಬರೆಯುತ್ತಾರೆ. ಎರಡು ಮೂರು ಮನೆಗಳ ನಡುವೆ ಯಾವುದು ಅಂತ ಗೊತ್ತಾಗದಿದ್ದರೆ ಕಟ್ಟಡಗಳ ಹೆಸರು ಇಲ್ಲಿ ಹಾಕಿ, ನನಗೆ ತಿಳಿದಿರುವುದನ್ನು ಹೇಳುತ್ತೇನೆ.